27 ವರ್ಷ, ಮುಂದಲೆ ಖಾಲಿ ಆಗುತ್ತಿದೆ. ಟ್ರಾನ್ಸ್‌ಪ್ಲಾಂಟ್ ಈಗಲೇ ಮಾಡಿಸಬೇಕಾ?

ನವನಗರದ ಹುಡುಗ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ವಯಸ್ಸು 27. ಬಾಗಲಕೋಟೆ ನವನಗರದಲ್ಲಿ ಇದ್ದೇನೆ. ಫೈನಾನ್ಸ್ ಕಂಪನಿಯಲ್ಲಿ ವಸೂಲಿ ಕೆಲಸ, ದಿನಾ ಬೈಕ್ ಮೇಲೆ ಹಳ್ಳಿ ಸುತ್ತುವುದು. ಡಿಗ್ರಿ ಮುಗಿಯುವಾಗಲೇ ಹಣೆಯ ಎರಡೂ ಮೂಲೆ ಹಿಂದೆ ಸರಿಯಲು ಶುರುವಾಗಿತ್ತು, ಈಗ ನೆತ್ತಿಯಲ್ಲೂ ಚರ್ಮ ಕಾಣುತ್ತದೆ. ಅಪ್ಪನಿಗೆ ತಲೆ ತುಂಬಾ ಕೂದಲಿದೆ, ಆದರೆ ಸೋದರಮಾವಂದಿರು ಇಬ್ಬರೂ ಬಕ್ಕತಲೆ.

ಮನೆಯಲ್ಲಿ ಕನ್ಯಾ ನೋಡುತ್ತಿದ್ದಾರೆ. ಒಂದು ಕಡೆ ಫೋಟೊ ನೋಡಿ ಹುಡುಗನ ವಯಸ್ಸು ಮುಚ್ಚಿಟ್ಟಿದ್ದೀರಿ ಅಂದರಂತೆ. ಅವತ್ತಿನಿಂದ ಅವ್ವ ದಾಸವಾಳ ಹಾಕಿ ಎಣ್ಣೆ ಕಾಯಿಸಿ ಹಚ್ಚುತ್ತಿದ್ದಾಳೆ, ಕಾಕಾ ಬೋರ್ ನೀರಿನ ತಪ್ಪು ಅನ್ನುತ್ತಾರೆ, ದೋಸ್ತರು ಹೆಲ್ಮೆಟ್ ಅನ್ನುತ್ತಾರೆ, ಕಟಿಂಗ್ ಅಂಗಡಿಯವನು ಉಳ್ಳಾಗಡ್ಡಿ ರಸ ಅನ್ನುತ್ತಾನೆ. ಮೊಬೈಲಲ್ಲಿ ಒಂದು ಸಲ ಹುಡುಕಿದ್ದಕ್ಕೆ ಈಗ ಎಲ್ಲಿ ನೋಡಿದರೂ ಟ್ರಾನ್ಸ್‌ಪ್ಲಾಂಟ್ ಜಾಹೀರಾತು. ಒಂದು ಕ್ಲಿನಿಕ್‌ಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತಿಗೇ ಫೋನ್ ಬಂತು: 4000 ಗ್ರಾಫ್ಟ್ (ಬೇರು ಸಮೇತ ಕಿತ್ತು ನಡುವ ಕೂದಲಿನ ಸಣ್ಣ ಗೊಂಚಲು) ಬೇಕು, ಅನ್‌ಲಿಮಿಟೆಡ್ ಪ್ಯಾಕೇಜ್ ತಗೊಳ್ಳಿ, ಇಎಂಐ ಇದೆ, ಈ ತಿಂಗಳೊಳಗೆ ಅಡ್ವಾನ್ಸ್ ಕಟ್ಟಿದರೆ ಅರ್ಧ ರೇಟು. ಯಾವ ಡಾಕ್ಟರ್ ಮಾಡುತ್ತಾರೆ ಎಂದು ಕೇಳಿದರೆ "ನಮ್ಮ ಟೀಮ್ ಮಾಡುತ್ತದೆ ಸರ್" ಅಂದರು.

ಕಟ್ಟಿಬಿಡಲಾ? ಮದುವೆ ಅಂತ ಆದರೆ ಮುಂದಿನ ಬೇಸಿಗೆಯಲ್ಲಿ. ಮಾಡಿಸಿಕೊಂಡವರು, ಮಾತ್ರೆ ತಗೊಂಡವರು ಯಾರಾದರೂ ಇದ್ದರೆ ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ. ಮನೆಯಲ್ಲಿ ಕೇಳುವ ವಿಷಯ ಅಲ್ಲ ಇದು.

ಗುಮ್ಮಟದ ನೆರಳು (ವಿಜಯಪುರ)

ತಮ್ಮಾ, ಅಡ್ವಾನ್ಸ್ ಕಟ್ಟಬೇಡ. ಮುಖ ನೋಡದೆ, ತಲೆ ಮುಟ್ಟದೆ, ಫೋಟೊ ನೋಡಿ 4000 ಅಂದವರು ನಾಳೆ ಏನು ಮಾಡುತ್ತಾರೋ ಯಾರಿಗೆ ಗೊತ್ತು.

ಮೊದಲು ನಿನ್ನ ಮನೆಯವರ ವಾದ ಮುಗಿಸೋಣ. ನಮ್ಮ ಕಡೆ ಬೋರ್ ನೀರು ಸವಳು, ಒಪ್ಪುತ್ತೇನೆ, ಆ ನೀರಿನಲ್ಲಿ ತಲೆ ತೊಳೆದರೆ ಕೂದಲು ನಾರಿನ ಹಾಗೆ ಒರಟಾಗಿ ತುದಿಯಲ್ಲಿ ತುಂಡಾಗುತ್ತದೆ. ಆದರೆ ಬೇರು ಸಾಯುವುದಿಲ್ಲ. ನೀರೇ ಕಾರಣ ಆಗಿದ್ದರೆ ವಿಜಯಪುರದಲ್ಲಿ ಹೆಂಗಸರ ತಲೆಯೂ ಮುಂದಿನಿಂದ ಬೋಳಾಗಬೇಕಿತ್ತು, ಅಲ್ವಾ? ಹೆಲ್ಮೆಟ್ಟೂ ಅಷ್ಟೇ. ಬೆವರು, ಹೊಟ್ಟು, ತುರಿಕೆ ಜಾಸ್ತಿ ಆಗಬಹುದು, ಒಳಗೆ ಹತ್ತಿ ಬಟ್ಟೆ ಕಟ್ಟಿಕೊ, ಸಾಕು. ಹೆಲ್ಮೆಟ್ ಮಾತ್ರ ಬಿಡಬೇಡ.

ಮೂಲೆಯಿಂದ ಹಿಂದೆ ಸರಿಯುವುದು, ನೆತ್ತಿ ತೆಳ್ಳಗಾಗುವುದು, ಕಿವಿಯ ಮೇಲೆ ಮತ್ತು ಹಿಂದಲೆಯಲ್ಲಿ ಮಾತ್ರ ದಟ್ಟ ಉಳಿಯುವುದು, ಇದು ಗಂಡಸರ ವಂಶದ ಬೋಳು. ಟೆಸ್ಟೋಸ್ಟೆರಾನ್‌ನಿಂದ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನ್ ಆಗುತ್ತದೆ. ಅದು ಎಲ್ಲರ ಮೈಯಲ್ಲೂ ಇರುತ್ತದೆ, ಮುಂದಲೆ ಮತ್ತು ನೆತ್ತಿಯ ಬೇರುಗಳು ಅದನ್ನು ತಾಳಿಕೊಳ್ಳದಿದ್ದರೆ ಕೂದಲು ವರ್ಷದಿಂದ ವರ್ಷಕ್ಕೆ ಸಣ್ಣ ಎಳೆಯಾಗಿ, ಗಿಡ್ಡವಾಗಿ, ಕೊನೆಗೆ ಹುಟ್ಟುವುದೇ ನಿಲ್ಲುತ್ತದೆ. ತಾಯಿ ಕಡೆಯಿಂದ ಬರುವ ಒಂದು ಜೀನ್‌ಗೆ ಇದರಲ್ಲಿ ದೊಡ್ಡ ಪಾಲಿದೆ, ಅದಕ್ಕೇ ಎಲ್ಲರೂ ಸೋದರಮಾವನ ತಲೆ ನೋಡುವುದು. ಆದರೆ ಅಪ್ಪನ ಕಡೆಯಿಂದ ಬರುವ ಜೀನ್‌ಗಳೂ ಬಹಳ ಇವೆ. ಮಾವನನ್ನೇ ಬೈಯಬೇಡ.

ಡಾಕ್ಟರ್‌ಗಳು ಇದನ್ನು ನಾರ್ವುಡ್ ಎಂಬ ಅಳತೆಯಲ್ಲಿ 1ರಿಂದ 7ರವರೆಗೆ ಅಳೆಯುತ್ತಾರೆ. ನೀನು ಹೇಳಿದ್ದು ನೋಡಿದರೆ ಇನ್ನೂ ನಡುವಿನಲ್ಲಿದ್ದೀಯ, ಅಂದರೆ ಇರುವುದನ್ನು ಉಳಿಸಿಕೊಳ್ಳುವ ಕಾಲ. ಊರಲ್ಲೇ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜ್ ಇದೆ, ಇಲ್ಲಿ ಬಿಎಲ್‌ಡಿಇ ಇದೆ. ಸ್ಕಿನ್ ಒಪಿಡಿಗೆ ಹೋಗಿ ಚೀಟಿ ಮಾಡಿಸು. ಬೇರುಗಳನ್ನು ದೊಡ್ಡದು ಮಾಡಿ ತೋರಿಸುವ ಒಂದು ಸಣ್ಣ ಯಂತ್ರ ಇರುತ್ತದೆ, ತಲೆ ಮೇಲೆ ಇಟ್ಟು ನೋಡಿದರೆ ಯಾವ ತರದ ಉದುರುವಿಕೆ ಎಂಬುದು ಬಹಳ ಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ.

ಚೀಟಿ ತಂದಿದ್ದೀರಾ (ಜಮಖಂಡಿ)

ನನ್ನದು ಔಷಧ ಅಂಗಡಿ. ಸಂಜೆ ಗಿರಾಕಿ ಕಡಿಮೆ ಆದ ಮೇಲೆ ಕೌಂಟರ್‌ಗೆ ಬಾಗಿ ಮೆಲ್ಲಗೆ ಕೇಳುವ ಸಾಮಾನುಗಳಲ್ಲಿ ಕೂದಲಿನ ಮಾತ್ರೆಯೂ ಒಂದು. ಅದಕ್ಕೆ ಬರೆಯುತ್ತಿದ್ದೇನೆ.

ಗಟ್ಟಿ ಪುರಾವೆ ಇರುವ ಹಳೆಯ ಔಷಧ ಎರಡು. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆಲ್ಲ ಕೂದಲು ಬಂದದ್ದು ನೋಡಿ ತಲೆಗೆ ಹಚ್ಚುವ ನೀರು ಮಾಡಿದರು, ಅಮೆರಿಕದಲ್ಲಿ 1988ರಲ್ಲಿ ಅನುಮತಿ ಸಿಕ್ಕಿತು. ಗಂಡಸರಿಗೆ ಸಾಮಾನ್ಯವಾಗಿ 5%, ಒಂದು ಮಿಲಿ, ದಿನಕ್ಕೆ ಎರಡು ಸಲ, ಒಣಗಿದ ತಲೆಗೆ. ಹಚ್ಚಿದ ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು, ಹಳೆಯ ಕೂದಲು ಜಾಗ ಬಿಡುತ್ತದೆ ಅಷ್ಟೇ, ಆದರೆ ನಮ್ಮ ಜನ ಅಲ್ಲೇ ಹೆದರಿ ಬಾಟಲಿ ತಂದು ನನ್ನ ಕೌಂಟರ್ ಮೇಲೆ ಕುಕ್ಕಿ ಜಗಳ ಮಾಡಿ ಹೋಗುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಬಿಟ್ಟರೆ ಉಳಿದದ್ದೂ ಕೆಲವು ತಿಂಗಳಲ್ಲಿ ಹೋಗುತ್ತದೆ. ಹಚ್ಚಿದ ಮೇಲೆ ಕೈ ತೊಳೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ದೂರ ಇಡಿ, ಬೆಕ್ಕಿಗೆ ಇದು ವಿಷ.

ಇನ್ನೊಂದು ಫಿನಾಸ್ಟೆರೈಡ್. ಪ್ರಾಸ್ಟೇಟ್ ಊದಿದ ಅಜ್ಜಂದಿರಿಗೆ 5 ಮಿಗ್ರಾಂ ಕೊಡುತ್ತಾರಲ್ಲ, ಅದೇ ಔಷಧ. ಕೂದಲಿಗೆ 1 ಮಿಗ್ರಾಂ, 1997ರಿಂದ ಇದೆ. ಡಿಎಚ್‌ಟಿ ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಈಗ ಎಲ್ಲರೂ ಕೇಳುವ ಪ್ರಶ್ನೆ: "ಗಂಡಸ್ತನಕ್ಕೆ ತೊಂದರೆ ಆಗುತ್ತದಾ?" ಕಂಪನಿಯ ಪರೀಕ್ಷೆಗಳಲ್ಲಿ ಮಾತ್ರೆ ನುಂಗಿದವರಲ್ಲಿ 3.8% ಜನರಿಗೆ ಆಸೆ ಕಡಿಮೆಯಾಗುವುದೋ ನಿಮಿರುವಿಕೆ ಸಡಿಲಾಗುವುದೋ ಆಗಿತ್ತು, ಔಷಧ ಇಲ್ಲದ ಬರೀ ಮಾತ್ರೆ ಕೊಟ್ಟವರಲ್ಲೂ 2.1% ಜನ ಅದನ್ನೇ ಹೇಳಿದ್ದರು. ಅಂದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಸುಳ್ಳು ಅಂತಲೂ ಅಲ್ಲ. ಬಿಟ್ಟ ಮೇಲೂ ತೊಂದರೆ ಉಳಿಯಿತು ಅನ್ನುವವರು ಇದ್ದಾರೆ. ಖಿನ್ನತೆ ಬರುವುದೂ ಉಂಟು, ಸಾಯುವ ಯೋಚನೆ ಬರುವುದನ್ನು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಇದರ ಅಡ್ಡ ಪರಿಣಾಮ ಎಂದು ಒಪ್ಪಿದೆ. ಮೊದಲೇ ಮನಸ್ಸಿನ ತೊಂದರೆ ಇದ್ದವರು ಡಾಕ್ಟರ್ ಹತ್ತಿರ ಮುಚ್ಚಿಡಬಾರದು. ಕೆಲವರಲ್ಲಿ ವೀರ್ಯಾಣು ಕಡಿಮೆ ಆಗುವುದುಂಟು, ಮಗುವಿಗೆ ಪ್ರಯತ್ನಿಸುವಾಗ ಇದನ್ನೂ ಕೇಳಿಕೊಳ್ಳಿ. ಬಸುರಿ ಹೆಂಗಸರು ಮುರಿದ ಮಾತ್ರೆ ಮುಟ್ಟಲೇಬಾರದು.

ಚೀಟಿ ಇಲ್ಲದೆ ಇದನ್ನು ಕೊಡುವುದಿಲ್ಲ. ಬಯೋಟಿನ್ ಗಮ್ಮಿ, ಉಳ್ಳಾಗಡ್ಡಿ ಶಾಂಪೂ ಎಲ್ಲ ಚೀಟಿ ಇಲ್ಲದೆ ಕೊಡುತ್ತೇನೆ, ಲಾಭವೂ ಚೆನ್ನಾಗಿದೆ. ಲಾಭ ನನಗೆ ಅನ್ನುವುದನ್ನು ಗಮನಿಸಿ.

ಕ್ಯಾಂಪ್ ಏರಿಯಾ (ಬೆಳಗಾವಿ)

ನಾನು ಮಾಡಿಸಿಕೊಂಡವನು. ಈಗ 38, ಮಾಡಿಸಿದ್ದು 34ಕ್ಕೆ. ಅದಕ್ಕೂ ಮುಂಚೆ ಡಾಕ್ಟರ್ ಎರಡು ವರ್ಷ ಔಷಧದ ಮೇಲೇ ಇಟ್ಟಿದ್ದರು, ಆಗ ಸಿಟ್ಟು ಬಂದಿತ್ತು, ಈಗ ಆ ಮನುಷ್ಯನಿಗೆ ಕೈ ಮುಗಿಯುತ್ತೇನೆ.

ತಮ್ಮಾ, ಟ್ರಾನ್ಸ್‌ಪ್ಲಾಂಟ್ ಅಂದರೆ ಹೊಸ ಕೂದಲು ಹುಟ್ಟಿಸುವುದಲ್ಲ, ಹಿಂದಲೆಯದನ್ನು ತೆಗೆದು ಮುಂದಲೆಗೆ ಇಡುವುದು. ಹಿಂದಲೆಯ ಬೇರಿಗೆ ಡಿಎಚ್‌ಟಿ ಅಷ್ಟು ತಾಗುವುದಿಲ್ಲ, ಮುಂದೆ ತಂದು ನಟ್ಟರೂ ಆ ಗುಣ ಉಳಿಯುತ್ತದೆ. ನೀನು ಫೈನಾನ್ಸ್‌ನವನು, ನಿನ್ನ ಲೆಕ್ಕದಲ್ಲೇ ಹೇಳುತ್ತೇನೆ: ಹಿಂದಲೆ ಅನ್ನುವುದು ಬಡ್ಡಿ ಹುಟ್ಟದ ಅಸಲು. ತೆಗೆದಷ್ಟು ಕಡಿಮೆಯಾಗುತ್ತದೆ. ಒಂದು ಗ್ರಾಫ್ಟ್‌ನಲ್ಲಿ ಒಂದರಿಂದ ನಾಲ್ಕು ಕೂದಲು ಇರುತ್ತದೆ, ಬಹಳ ಜನರಿಗೆ ಜೀವಮಾನ ಪೂರ್ತಿ ಸೇರಿ ತೆಗೆಯಬಹುದಾದದ್ದು ನಾಲ್ಕರಿಂದ ಆರು ಸಾವಿರ ಗ್ರಾಫ್ಟ್. ಇಪ್ಪತ್ತೇಳಕ್ಕೇ 4000 ಕಿತ್ತು ಹಣೆ ಕೆಳಗೆ ಇಳಿಸಿಬಿಟ್ಟರೆ ನಲವತ್ತಕ್ಕೆ ನೆತ್ತಿ ಖಾಲಿಯಾದಾಗ ಏನು ಇಡುತ್ತಾರೆ? ನಟ್ಟ ಸಾಲು ಮುಂದೆ ನಿಂತಿರುತ್ತದೆ, ಅದರ ಹಿಂದೆ ಬಯಲು. ಅಂತಹ ತಲೆ ನೋಡಿದ್ದೇನೆ, ಬಕ್ಕತಲೆಯೇ ವಾಸಿ. ಅನ್‌ಲಿಮಿಟೆಡ್ ಅನ್ನುವ ಮಾತು ಊಟದ ಖಾನಾವಳಿಗೆ ಸರಿ.

ಆಪರೇಷನ್ ದಿನ ನೋವು ಅಂದರೆ ಮರಗಟ್ಟಿಸುವ ಇಂಜೆಕ್ಷನ್‌ದು, ಆಮೇಲೆ ಇಡೀ ದಿನ ಬೋರು. ನನ್ನದು ಎಫ್‌ಯುಇ, ಒಂದೊಂದೇ ಬೇರು ತೆಗೆಯುವುದು. ಗಾಯದ ಗುರುತೇ ಇರುವುದಿಲ್ಲ ಅನ್ನುತ್ತಾರೆ, ಹಾಗೇನಿಲ್ಲ, ಹಿಂದೆ ಚುಕ್ಕಿ ಚುಕ್ಕಿ ಉಳಿದಿವೆ, ಕೂದಲು ತೀರಾ ಗಿಡ್ಡ ಮಾಡಿದರೆ ಕಾಣುತ್ತವೆ. ಎಫ್‌ಯುಟಿಯಲ್ಲಿ ಒಂದು ಪಟ್ಟಿ ಚರ್ಮವನ್ನೇ ತೆಗೆದು ಹೊಲಿಯುತ್ತಾರೆ, ಅದರಲ್ಲಿ ಗೆರೆ ಉಳಿಯುತ್ತದೆ. ನಾಲ್ಕೈದು ದಿನ ಹಣೆ ಊದಿ ಕಣ್ಣಿನವರೆಗೆ ಇಳಿದಿತ್ತು, ಹೆಂಡತಿ ನಕ್ಕಿದ್ದೇ ನಕ್ಕಿದ್ದು. ವಾರ ಹತ್ತು ದಿನಕ್ಕೆ ಹಕ್ಕಳೆ ಉದುರಿತು.

ಅದಾದ ಮೇಲಿನದನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ. ನಟ್ಟ ಕೂದಲು ಮೊದಲ ತಿಂಗಳಲ್ಲೇ ಹೆಚ್ಚುಕಡಿಮೆ ಎಲ್ಲ ಉದುರುತ್ತದೆ. ಬೇರು ಒಳಗೇ ಇರುತ್ತದೆ, ಮತ್ತೆ ಚಿಗುರುವುದು ಮೂರು ನಾಲ್ಕು ತಿಂಗಳ ಮೇಲೆ, ಪೂರ್ತಿ ರೂಪ ಬರಲು ಒಂದು ವರ್ಷ, ನೆತ್ತಿಯಾದರೆ ಇನ್ನೂ ನಿಧಾನ. ಅಕ್ಕಪಕ್ಕದ ಹಳೆಯ ಕೂದಲೂ ಆ ಪೆಟ್ಟಿಗೆ ಸ್ವಲ್ಪ ಉದುರಬಹುದು. ನೀನು ಮುಂದಿನ ಬೇಸಿಗೆ ಮದುವೆ ಅನ್ನುತ್ತೀಯ. ಚಳಿಗಾಲದಲ್ಲಿ ಮಾಡಿಸಿದರೆ ಅಕ್ಷತೆ ಬೀಳುವಾಗ ಈಗಿಗಿಂತ ತೆಳ್ಳಗೆ ಕಾಣುತ್ತೀಯ, ಅದೂ ನಿಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ.

ಬಾಚಣಿಗೆ ಮಾರಿದವ (ಗೋಕಾಕ)

ಎಲ್ಲರೂ ದೊಡ್ಡ ದೊಡ್ಡ ಮಾತು ಹೇಳಿದಿರಿ, ನನ್ನದು ಅಗ್ಗದ ದಾರಿ. ಝೀರೋ ಮಷೀನ್. ಸ್ವಲ್ಪ ಗಡ್ಡ ಬಿಡು. ಭಾನುವಾರ ಮನೆಯಲ್ಲೇ ಹೊಡೆದುಕೊಳ್ಳುತ್ತೇನೆ, ಎಣ್ಣೆ ಖರ್ಚಿಲ್ಲ, ಶಾಂಪೂ ಖರ್ಚಿಲ್ಲ. ಮದುವೆಯಾಗಿ ಎರಡು ಮಕ್ಕಳಿವೆ, ಹುಡುಗಿ ಮನೆಗೆ ಹೋದಾಗಲೂ ಹೀಗೇ ಹೋಗಿದ್ದೆ. ಬಿಸಿಲಿಗೆ ಟೋಪಿ ಬೇಕು, ಅದು ನಿಜ. ಹಾಂ, ಬೋಳಿಸಿದರೆ ದಪ್ಪ ಬರುತ್ತದೆ ಅನ್ನುವುದು ಮಾತ್ರ ಸುಳ್ಳು. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದೆ, ಇದ್ದ ಕಡೆ ಇದ್ದಷ್ಟೇ ಬಂತು.

ಹುಡುಗನ ವಯಸ್ಸು ಮುಚ್ಚಿಟ್ಟಿದ್ದೀರಿ ಅಂದ ಮನೆ ತಪ್ಪಿದ್ದು ಒಳ್ಳೆಯದೇ ಆಯಿತು ಅನಿಸುತ್ತದೆ ನನಗೆ.

ನವನಗರದ ಹುಡುಗ

ಅಣ್ಣಂದಿರೇ, ಬಹಳ ಉಪಕಾರ ಆಯಿತು. ಅಡ್ವಾನ್ಸ್ ಕಟ್ಟುವುದಿಲ್ಲ. ಇನ್ನೊಂದು ಹೇಳುವುದು ಬಿಟ್ಟಿದ್ದೆ. ಮಳೆಗಾಲದಲ್ಲಿ ಡೆಂಗ್ಯೂ ಆಗಿ ಅಡ್ಮಿಟ್ ಆಗಿದ್ದೆ. ಈಗ ಒಂದು ತಿಂಗಳಿಂದ ತಲೆ ತೊಳೆದರೆ ಮುಷ್ಟಿಗಟ್ಟಲೆ ಕೈಗೆ ಬರುತ್ತಿದೆ, ಹಿಂದಲೆಯದೂ ಸೇರಿ. ಹೆದರಿಕೆ ಜಾಸ್ತಿ ಆಗಿದ್ದೇ ಇದಕ್ಕೆ. ಆ ಕ್ಲಿನಿಕ್‌ನವರು ಜ್ವರದ ವಿಷಯ ಕೇಳಲೇ ಇಲ್ಲ. ಮತ್ತೆ, ಮುಂದೆ ಯಾವಾಗಲಾದರೂ ಮಾಡಿಸುವುದಾದರೆ ಡಾಕ್ಟರ್ ಸರಿ ಇದ್ದಾರೋ ಇಲ್ಲವೋ ಹೇಗೆ ನೋಡುವುದು?

ಗುಮ್ಮಟದ ನೆರಳು

ಇದನ್ನು ಮೊದಲೇ ಹೇಳಬೇಕಿತ್ತಲ್ಲ ಮಾರಾಯ. ಡೆಂಗ್ಯೂ, ಟೈಫಾಯಿಡ್, ಕೋವಿಡ್, ದೊಡ್ಡ ಆಪರೇಷನ್, ಒಮ್ಮೆಲೇ ತೂಕ ಇಳಿಸುವುದು, ಯಾವುದೇ ಆದರೂ ಎರಡು ಮೂರು ತಿಂಗಳ ನಂತರ ಕೂದಲು ಗುಂಪಾಗಿ ಉದುರಬಹುದು. ಬೆಳೆಯುತ್ತಿದ್ದ ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿರುತ್ತವೆ. ಆರೋಗ್ಯವಂತನಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ, ಇದರಲ್ಲಿ ಅದು ಕೆಲವು ಪಟ್ಟು ಜಾಸ್ತಿ. ಹೆಚ್ಚಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತದೆ, ಹೋದದ್ದು ತಿರುಗಿ ಬರುತ್ತದೆ. ಅಂದರೆ ನಿನಗೆ ಎರಡೂ ಒಟ್ಟಿಗೆ ಇರುವ ಹಾಗಿದೆ: ಮೂಲೆ, ನೆತ್ತಿಯದು ವಂಶದ್ದು, ಮುಷ್ಟಿಗಟ್ಟಲೆ ಬರುವುದು ಜ್ವರದ್ದು. ಇಂಥ ಹೊತ್ತಿನಲ್ಲಿ ತಲೆ ನೋಡಿ ಗ್ರಾಫ್ಟ್ ಲೆಕ್ಕ ಹಾಕುವುದೇ ತಪ್ಪು. ಡಾಕ್ಟರ್ ಹೇಳಿದರೆ ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ಥೈರಾಯ್ಡ್ ಟೆಸ್ಟ್ ಮಾಡಿಸು. ಮೊಟ್ಟೆ, ಕಾಳು ಪಲ್ಯ ಚೆನ್ನಾಗಿ ತಿನ್ನು. ಗುಟ್ಕಾ, ಸಿಗರೇಟು ಇದ್ದರೆ ಬಿಡು.

ಕ್ಯಾಂಪ್ ಏರಿಯಾ

ಡಾಕ್ಟರ್ ವಿಷಯ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇದಕ್ಕೇ ಮಾರ್ಗಸೂಚಿ ಹೊರಡಿಸಿದೆ. ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡುವವರು ಸರ್ಜರಿ ತರಬೇತಿ ಪಡೆದ ಡಾಕ್ಟರೇ ಆಗಿರಬೇಕು, ಸ್ಕಿನ್‌ನಲ್ಲಿ ಎಂಡಿ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಹೀಗೆ. ವರ್ಕ್‌ಶಾಪ್‌ನಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ತರಬೇತಿ ಆಗುವುದಿಲ್ಲ ಎಂದೂ ಅದರಲ್ಲಿದೆ. ಟೆಕ್ನಿಶಿಯನ್ ಸಹಾಯ ಮಾಡಬಹುದು, ಡಾಕ್ಟರ್ ಅಲ್ಲೇ ಇರಬೇಕು. ಹಾಗಾಗಿ ಹೆಸರು ಕೇಳು, ರಿಜಿಸ್ಟ್ರೇಶನ್ ನಂಬರ್ ಕೇಳು, ಬೇರು ತೆಗೆಯುವುದು ಯಾರು, ತೂತು ಮಾಡುವುದು ಯಾರು ಎಂದು ಕೇಳು. "ಟೀಮ್" ಅಂದರೆ ಎದ್ದು ಬಾ. ಆಕ್ಸಿಜನ್, ಎಮರ್ಜೆನ್ಸಿ ವ್ಯವಸ್ಥೆ ಇದೆಯಾ ನೋಡು, ಮರಗಟ್ಟಿಸುವ ಔಷಧ ತೂಕಕ್ಕೆ ಮೀರಿ ಹೋದರೆ ಜೀವಕ್ಕೇ ಅಪಾಯ. ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ ಕೇಳದೆ ತಾರೀಖು ಕೊಟ್ಟವರ ಕಡೆಯೂ ಬೇಡ.

ನಟ್ಟ ಮೇಲೆ ಔಷಧ ನಿಲ್ಲಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡ. ನಟ್ಟದ್ದು ಉಳಿಯುತ್ತದೆ, ಮೊದಲಿನದು ಉದುರುತ್ತಾ ಹೋಗುತ್ತದೆ. ನಾನು ಈಗಲೂ ಹಚ್ಚುತ್ತೇನೆ.

ಚೀಟಿ ತಂದಿದ್ದೀರಾ

ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಇದು ಅಂದಕ್ಕಾಗಿ ಮಾಡಿಸುವ ಸರ್ಜರಿ ಆದ್ದರಿಂದ ಆರೋಗ್ಯ ವಿಮೆ ದುಡ್ಡು ಕೊಡುವುದಿಲ್ಲ. ಉಳಿದ ಚಿಕಿತ್ಸೆಗೆ ಇರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ, 18% ಬೀಳುತ್ತದೆ. ಫೋನಲ್ಲಿ ಹೇಳುವ ರೇಟಿನಲ್ಲಿ ಅದು ಸೇರಿದೆಯೋ ಇಲ್ಲವೋ, ಆಮೇಲಿನ ಔಷಧ, ಪಿಆರ್‌ಪಿ ಬೇರೆಯೋ ಒಳಗೋ, ಕಾಗದದ ಮೇಲೆ ಬರೆಸಿಕೊಳ್ಳಿ. ಪಿಆರ್‌ಪಿ ಅಂದರೆ ನಮ್ಮದೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ, ಬೇರ್ಪಟ್ಟ ಪ್ಲೇಟ್‌ಲೆಟ್ ಭಾಗವನ್ನು ತಲೆಗೆ ಚುಚ್ಚುವುದು. ಕೆಲವರಿಗೆ ಗುಣ ಇದೆ, ಎಲ್ಲರಿಗೂ ಇಲ್ಲ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ನೀವಾಗಿ ಏನೂ ಹಚ್ಚಲು ಶುರು ಮಾಡಬೇಡಿ. ಅವರು ತಲೆಯನ್ನು ಇದ್ದ ಹಾಗೆ ನೋಡಲಿ. ಆಸ್ಪತ್ರೆಯ ಡಿಸ್‌ಚಾರ್ಜ್ ಕಾರ್ಡ್ ಜೊತೆಗಿರಲಿ, ನಾಲ್ಕೈದು ವರ್ಷದ ಹಿಂದಿನ ಒಂದು ಫೋಟೊನೂ ಒಯ್ಯಿರಿ.