ಅಮೆರಿಕದ ರಾಜ್ಯವೊಂದು ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಿದರೆ ನಿಜಕ್ಕೂ ಏನು ಬದಲಾಗುತ್ತದೆ?

ಪ್ರಶ್ನೆ:
ಅಲ್ಲಿನ ಹಲವು ರಾಜ್ಯಗಳಲ್ಲಿ ಇಂಗ್ಲಿಷ್ ಕಾನೂನಿನ ಪ್ರಕಾರ ಅಧಿಕೃತ ಭಾಷೆ. ಹಾಗೆ ಮಾಡಿದ ಮೇಲೆ ಬೇರೆ ಭಾಷೆಯ ಮತಪತ್ರ, ಆಸ್ಪತ್ರೆಯ ದುಭಾಷಿ, ಡ್ರೈವಿಂಗ್ ಟೆಸ್ಟ್ ಎಲ್ಲಕ್ಕೂ ಕತ್ತರಿ ಬೀಳುತ್ತದೆಯೇ? ಇಲ್ಲ, ರಾಜ್ಯದ ಹೂವು, ರಾಜ್ಯದ ಹಕ್ಕಿ ಇದ್ದ ಹಾಗೆ ಬರೀ ಹೆಸರಿಗೋ?

ಉತ್ತರ 1:
ಎರಡೂ ಉಂಟು. ಇಲಿನಾಯ್ ಕಾಯ್ದೆಯದು ಒಂದೇ ಸಾಲು: ರಾಜ್ಯದ ಅಧಿಕೃತ ಭಾಷೆ ಇಂಗ್ಲಿಷ್. (1923ರಲ್ಲಿ ಅಲ್ಲಿ ‘ಅಮೆರಿಕನ್’ ಭಾಷೆ ಎಂದು ಬರೆದುಕೊಂಡಿದ್ದರು, ಇಂಗ್ಲಿಷ್ ಎಂದು ತಿದ್ದಿದ್ದು 1969ರಲ್ಲಿ!) ಇಂಥ ಸಾಲಿನಿಂದ ಕಚೇರಿಯ ಒಂದು ಫಾರಂ ಕೂಡ ಬದಲಾಗುವುದಿಲ್ಲ.

ಅರಿಜೋನಾದ್ದು ಬೇರೆ ಕಥೆ. 1988ರಲ್ಲಿ ಶೇ 50.5 ಮತಗಳಿಂದ ಕೂದಲೆಳೆಯಲ್ಲಿ ಗೆದ್ದ ರಾಜ್ಯ ಸಂವಿಧಾನದ ತಿದ್ದುಪಡಿ, ಸರ್ಕಾರ ಇಂಗ್ಲಿಷಿನಲ್ಲೇ ಕೆಲಸ ಮಾಡಬೇಕು, ಬೇರಾವ ಭಾಷೆಯಲ್ಲೂ ಕೂಡದು ಎಂದಿತು. ಕೌಂಟರಿನ ನೌಕರ ಸ್ಪ್ಯಾನಿಷಿನಲ್ಲಿ ವಿವರ ಹೇಳುವುದೂ, ಶಾಸಕ ತನ್ನ ಮತದಾರರೊಡನೆ ಅವರ ಭಾಷೆಯಲ್ಲಿ ಮಾತಾಡುವುದೂ ಅದರ ಬಲೆಗೆ ಬಿತ್ತು. ಎಡವಿದ್ದು ಅಲ್ಲೇ. ವಾಕ್ ಸ್ವಾತಂತ್ರ್ಯಕ್ಕೂ ಸಮಾನ ರಕ್ಷಣೆಗೂ ವಿರುದ್ಧ ಎಂದು 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2006ರಲ್ಲಿ ಪ್ರಪೋಸಿಷನ್ 103 (ಮತದಾರರ ಮುಂದಿಟ್ಟ ಪ್ರಸ್ತಾವ) ಆಗಿ ಮರಳಿ ಬಂದಾಗ ಬರೆದವರು ಪಾಠ ಕಲಿತಿದ್ದರು: ಸಾರ್ವಜನಿಕ ಆರೋಗ್ಯ, ಪೊಲೀಸ್ ಮತ್ತು ತುರ್ತು ಸೇವೆ, ಪ್ರವಾಸೋದ್ಯಮ, ಮೂಲನಿವಾಸಿ ಭಾಷೆಗಳು, ಕಾನೂನು ಬಲವಿಲ್ಲದ ಅನೌಪಚಾರಿಕ ಅನುವಾದ, ಇವೆಲ್ಲ ‘ಅಧಿಕೃತ ಕೆಲಸ’ದ ವ್ಯಾಖ್ಯೆಯಿಂದಲೇ ಹೊರಗೆ. ಹೊಸ ಮಸೂದೆ ಕಂಡಾಗ ಘೋಷಣೆಯ ಸಾಲು ಬಿಟ್ಟು ಈ ವ್ಯಾಖ್ಯೆ ಓದಿ. ಆಮೇಲೆ ದಾವೆ ಹೂಡುವ ಹಕ್ಕು ಯಾರಿಗಿದೆ ನೋಡಿ. ಅರಿಜೋನಾದಲ್ಲಿ ಸಾಮಾನ್ಯ ನಿವಾಸಿಗೂ ಇದೆ.

ಉತ್ತರ 2:
ಮತಪತ್ರ ರಾಜ್ಯದ ಕೈಯಲ್ಲಿಲ್ಲ. ಮತದಾನ ಹಕ್ಕು ಕಾಯ್ದೆಯ 203ನೇ ಸೆಕ್ಷನ್ ಒಕ್ಕೂಟದ್ದು (1975ರಲ್ಲಿ ಸೇರಿಸಿದ್ದು). ಇಂಗ್ಲಿಷ್ ಸಾಕಷ್ಟು ಬಾರದ ವಯಸ್ಕ ನಾಗರಿಕರು ಒಂದು ಭಾಷಾ ಗುಂಪಿನಲ್ಲಿ 10,000ಕ್ಕಿಂತ ಅಥವಾ ಶೇ 5ಕ್ಕಿಂತ ಹೆಚ್ಚಿದ್ದು, ಆ ಗುಂಪಿನ ಅನಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಮೇಲಿದ್ದರೆ ಆ ಕೌಂಟಿ ಅವರ ಭಾಷೆಯಲ್ಲೂ ಮತಪತ್ರ ಕೊಡಲೇಬೇಕು. ಆದರೆ ಲೆಕ್ಕಕ್ಕೆ ಬರುವುದು ಸ್ಪ್ಯಾನಿಷ್, ಏಷ್ಯನ್, ಮೂಲನಿವಾಸಿ ಗುಂಪುಗಳು ಮಾತ್ರ. ಅರಬ್ಬಿ ಎಷ್ಟೇ ಇದ್ದರೂ ಇಲ್ಲ.

ಕೇಳಿದವರು:
ಧನ್ಯವಾದ. ಡ್ರೈವಿಂಗ್ ಟೆಸ್ಟ್ ವಿಷಯ ಬಾಕಿ ಉಳಿಯಿತು ನೋಡಿ.

ಉತ್ತರ 3:
ಅದಕ್ಕೆ ಅಲಬಾಮಾ ನೋಡಬೇಕು. 1990ರ ತಿದ್ದುಪಡಿಯ ಬಳಿಕ ಪರೀಕ್ಷೆ ಇಂಗ್ಲಿಷಿಗೆ ಮಾತ್ರ ಸೀಮಿತವಾಯಿತು. ಅದನ್ನು ಪ್ರಶ್ನಿಸಿದ ಸ್ಯಾಂಡೊವಲ್ ಪ್ರಕರಣದಲ್ಲಿ ಕೆಳ ನ್ಯಾಯಾಲಯಗಳು ಅರ್ಜಿದಾರರ ಪರ ನಿಂತರೂ 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಿಂದ ತಿರುಗಿಸಿತು. ಇಂಗ್ಲಿಷ್ ಪರೀಕ್ಷೆ ಸರಿ ಎಂದು ಅದು ಹೇಳಲಿಲ್ಲ, ಗಮನಿಸಿ. ಉದ್ದೇಶಪೂರ್ವಕವಲ್ಲದ, ಪರಿಣಾಮದಲ್ಲಷ್ಟೇ ಕಾಣುವ ತಾರತಮ್ಯದ ನಿಯಮದಡಿ ಖಾಸಗಿ ವ್ಯಕ್ತಿ ದಾವೆ ಹೂಡುವಂತಿಲ್ಲ ಎಂದಿತು, ಅಷ್ಟೆ. ಇಷ್ಟಾದರೂ, ಕೆಳ ನ್ಯಾಯಾಲಯದ ಆದೇಶದಿಂದ ಮರಳಿದ್ದ ಬೇರೆ ಭಾಷೆಗಳ ಪರೀಕ್ಷೆ ಆ ರಾಜ್ಯದಲ್ಲಿ ಮುಂದುವರಿಯಿತು.

ದುಭಾಷಿಗಳ ವಿಷಯ: ಒಕ್ಕೂಟದ ಅನುದಾನ ಪಡೆವವರಿಗೆ ಭಾಷಾ ನೆರವಿನ ಮಾರ್ಗಸೂಚಿಗೆ ಬುಡವಾಗಿದ್ದ 2000ದ ಕ್ಲಿಂಟನ್ ಆದೇಶ 13166 ಅನ್ನು 2025ರ ಮಾರ್ಚ್ 1ರಂದು ಟ್ರಂಪ್ ಹಿಂಪಡೆದರು. ಅನುದಾನ ಪಡೆವವರು ಮೂಲದೇಶ ನೋಡಿ ತಾರತಮ್ಯ ಮಾಡಕೂಡದು ಎನ್ನುವ 1964ರ ನಾಗರಿಕ ಹಕ್ಕು ಕಾಯ್ದೆಯನ್ನು ಮಾತ್ರ ಆದೇಶದಿಂದ ಅಳಿಸಲಾಗದು.