ಪದ ಬೇಕು (ತುರ್ತು, ಬೋರ್ಡಿಗೆ): ‘ಪ್ಯಾರಾಮೆಟ್ರಿಕ್ ಟೈಲ್ ಪ್ಯಾಟರ್ನ್’ಗೆ ಏನನ್ನೋಣ?

ಮಡಿಕೇರಿಯಿಂದ:
ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೋರ್ಡ್ ಬರೆಯುವವರಿಗೆ ಪದ ಕೊಡಬೇಕು. ಕಂಪ್ಯೂಟರಿನಲ್ಲಿ ನೆಲದ ಟೈಲ್ಸ್ ವಿನ್ಯಾಸ ಕಲಿಸಲು ಎರಡು ದಿನದ ಶಿಬಿರ ಇಟ್ಟಿದ್ದೇನೆ. ವಿನ್ಯಾಸದ ಸಾಫ್ಟ್‌ವೇರ್ ರೈನೋ, ಅದರೊಳಗೆ ಗ್ರಾಸ್‌ಹಾಪರ್. ಗೆರೆಗಳನ್ನು ಒಂದೊಂದಾಗಿ ಎಳೆಯುವುದಿಲ್ಲ. ಬದಿಯ ಉದ್ದ, ತಿರುಗುವ ಕೋನ, ಸಂದಿನ ಅಗಲ ಎಲ್ಲವನ್ನೂ ಸ್ಲೈಡರಿಗೆ ಕಟ್ಟಿರುತ್ತೇವೆ. ಸ್ಲೈಡರ್ ಸರಿಸಿದರೆ ಇಡೀ ನೆಲ ಹೊಸದಾಗಿ ಮೂಡುತ್ತದೆ. ಹೀಗೆ ಬದಲಿಸುವ ಅಳತೆಯೇ ಪ್ಯಾರಾಮೀಟರ್. ಅದಕ್ಕೆ ‘ನಿಯತಾಂಕ’ ಅಂತ ಒಂದು ಪದ ಓಡಾಡುತ್ತಿದೆ. ನಿಯತ ಅಂದರೆ ಬದಲಾಗದ್ದು. ಇಲ್ಲಿ ಬದಲಾಯಿಸುವುದೇ ಕೆಲಸ! ಇನ್ನು ‘ಹಂಚು’ ಅಂತ ಬರೆಸಿದರೆ, ಈ ಮಳೆ ಊರಿನಲ್ಲಿ ಮಾಡು ಸೋರುವವರೆಲ್ಲ ಬಂದು ನಿಂತಾರು.

ವಿರಾಜಪೇಟೆಯಿಂದ:
ಪ್ಯಾರಾಮೀಟರಿಗೆ ಗಣಿತದಲ್ಲಿ ‘ಪ್ರಾಚಲ’ ಇದೆ. ಮುಗಿಯಿತು. ಹಂಚಿನ ವಿಷಯದಲ್ಲಿ ಮಾತ್ರ ನಿಮ್ಮದು ತಪ್ಪು. ಟೈಲ್ ಬಂದದ್ದು ಲ್ಯಾಟಿನ್ನಿನ ‘ತೆಗುಲ’ದಿಂದ. ‘ತೆಗೆರೆ’ ಎಂದರೆ ಮುಚ್ಚು. ಅದೂ ಮೊದಲು ಮಾಡಿನ ಹಂಚೇ. ಅವರದು ಮಾಡಿನಿಂದ ನೆಲಕ್ಕೆ ಇಳಿಯಬಹುದು, ನಮ್ಮದು ಇಳಿಯಬಾರದೇ? 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಟೈಲ್ ಕಾರ್ಖಾನೆ ಹಾಕಿದರು. ಆ ಹೊಸ ಮಾಲಿಗೂ ಜನ ಹಂಚು ಅಂತಲೇ ಅಂದರು, ಪದಕ್ಕೆ ಪರದಾಡಲಿಲ್ಲ.

ಕುಶಾಲನಗರದಿಂದ:
ಪ್ರಾಚಲ! ಯಾರ ಮನೆಯ ಮಾತು ಇದು? ‘ಬದಲಳತೆ’ ಅನ್ನಿ. ಟೈಲಿಗೆ ‘ನೆಲಬಿಲ್ಲೆ’, ಪ್ಯಾಟರ್ನಿಗೆ ‘ಚಿತ್ತಾರ’. ‘ಬದಲಳತೆಯ ನೆಲಬಿಲ್ಲೆ ಚಿತ್ತಾರ’. ಸಂಸ್ಕೃತದ ಹಂಗಿಲ್ಲ.

ವಿರಾಜಪೇಟೆಯಿಂದ:
ಬಿಲ್ಲೆ ದುಂಡಗಿನದು.

ಮಡಿಕೇರಿಯಿಂದ:
ಮೇಷ್ಟ್ರ ಮಾತು ಸರಿ. ದುಂಡಗಿನದನ್ನು ಎಷ್ಟು ಒತ್ತಿ ಇಟ್ಟರೂ ನಡುವೆ ಸಂದು ಉಳಿಯುತ್ತದೆ. ಬದಿಯೂ ಮೂಲೆಯೂ ಸಮನಾಗಿರುವ ಒಂದೇ ಆಕಾರದಿಂದ ನೆಲ ತುಂಬಬೇಕು ಅಂದರೆ ತ್ರಿಕೋನ, ಚೌಕ, ಷಟ್ಕೋನ, ಈ ಮೂರೇ. ಅವುಗಳ ಮೂಲೆ 60, 90, 120 ಡಿಗ್ರಿ, ಒಂದು ಬಿಂದುವಿನ ಸುತ್ತಲಿನ 360ಕ್ಕೆ ಸರಿಯಾಗಿ ಕೂರುತ್ತವೆ. ಪಂಚಕೋನದ್ದು 108, ಕೂರಲ್ಲ. ಮೊದಲ ದಿನದ ಪಾಠವೇ ಇದು, ಹೊರಗೆ ಬೋರ್ಡಿನಲ್ಲಿ ಬಿಲ್ಲೆ ಅಂತ ಹಾಕಿಕೊಂಡು ಒಳಗೆ ಏನು ಹೇಳಲಿ?

ಕುಶಾಲನಗರದಿಂದ:
ಲೆಕ್ಕ ಯಾರು ಕೇಳಿದರು? ರೈನೋ, ಗ್ರಾಸ್‌ಹಾಪರ್ ಅಂತ ಬರೆಯುವಾಗಲೇ ಗೊತ್ತಾಯಿತು. ಕಂಡಕಂಡ ಕಡೆ ಸಾಲ ಮಾಡಿ ನುಡಿ ಉಳಿಯುತ್ತಾ?

ಸೋಮವಾರಪೇಟೆಯಿಂದ:
‘ಘೇಂಡಾಮೃಗದೊಳಗೆ ಮಿಡತೆ’ ಅಂತ ಬರೆಸಿ ಮೇಡಂ, ಮೃಗಾಲಯ ಅಂದ್ಕೊಂಡು ಮಕ್ಕಳೂ ಬರ್ತಾರೆ. ನಾನು ನೆಲ ಹಾಕಿಸುವ ಕಂಟ್ರಾಕ್ಟರ್. ನಮ್ಮ ಗಾರೆ ಕೆಲಸದವರು ‘ಒಂದು ಟೈಲ್ಸ್ ಒಡೀತು’ ಅಂತಾರೆ. ಇಂಗ್ಲಿಷಿನ ಬಹುವಚನ ನಮ್ಮಲ್ಲಿ ಏಕವಚನ ಆಗಿ ಕೂತಿದೆ. ಇನ್ನು ಸಾಲ ಎಲ್ಲಿ ಬಂತು?

ಕುಶಾಲನಗರದಿಂದ:
ತಪ್ಪಾಗಿ ಆಡಿದ್ದೆಲ್ಲ ಬಳಕೆಯಲ್ಲ.

ಸೋಮವಾರಪೇಟೆಯಿಂದ:
ಹಾಗಾದ್ರೆ ಕುರ್ಚಿ ಬಿಟ್ಟು ಏಳಿ ಸರ್, ಅದು ಅರಬ್ಬಿ. ಕೆಳಗೆ ಕೂರೋದಕ್ಕೆ ಟೈಲ್ಸ್ ನಾನೇ ಹಾಕಿಸಿಕೊಡ್ತೀನಿ.

ಮಡಿಕೇರಿಯಿಂದ:
ಜಗಳ ಆಡ್ತಾ ಇರಿ, ನಾನು ಬೋರ್ಡಿಗೆ ಕಳಿಸಿಬಿಟ್ಟೆ: ‘ಅಳತೆ ಬದಲಿಸಿ, ಚಿತ್ತಾರ ಬದಲಿಸಿ. ಕಂಪ್ಯೂಟರಿನಲ್ಲಿ ಟೈಲ್ಸ್ ವಿನ್ಯಾಸ’. ಪ್ರಾಚಲ ಪಾಠದ ಹಾಳೆಯಲ್ಲಿ ಇರುತ್ತದೆ, ಮೇಷ್ಟ್ರೇ.

ಕುಶಾಲನಗರದಿಂದ:
ಚಿತ್ತಾರ ಆದರೂ ಉಳಿಯಿತಲ್ಲ. ಅಚ್ಚಗನ್ನಡ.

ವಿರಾಜಪೇಟೆಯಿಂದ:
ಚಿತ್ತಾರ ‘ಚಿತ್ರ’ದ ತದ್ಭವ.