ಲಿನಕ್ಸ್‌ನಲ್ಲಿ ಮೈಕ್ ಸರಿಯಿದೆ, ಕರೆಯ ತಂತ್ರಾಂಶಕ್ಕೆ ಮಾತ್ರ ಕಾಣುತ್ತಿಲ್ಲ

ಪ್ರಶ್ನೆ (ಮಲ್ಪೆಯಿಂದ):
ನಮಸ್ಕಾರ. ಅಮ್ಮನ ಹಳೆಯ ಲ್ಯಾಪ್‌ಟಾಪಿಗೆ ಕಳೆದ ವಾರ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದ್ದೇನೆ. ಅವರು ದಿನವೂ ರಾತ್ರಿ ದುಬೈಯಲ್ಲಿರುವ ಅಣ್ಣನೊಡನೆ ಮಾತನಾಡುವುದರಿಂದ ಅದರಲ್ಲಿ ಕರೆಯ ತಂತ್ರಾಂಶವೇ ಮುಖ್ಯ. ಡಿಸ್ಕಿನಲ್ಲಿ ಜಾಗ ಕಡಿಮೆಯಿದ್ದ ಕಾರಣ, ಶಿಫಾರಸಿನ ಪ್ಯಾಕೇಜುಗಳನ್ನು ಬಿಟ್ಟು ಕಡ್ಡಾಯವಾದ ಅವಲಂಬನೆಗಳನ್ನಷ್ಟೇ ಇನ್‌ಸ್ಟಾಲ್ ಮಾಡಿದೆ. ಟರ್ಮಿನಲ್‌ನಲ್ಲಿ ‘ಎರೆಕಾರ್ಡ್’ (arecord) ಆಜ್ಞೆ ಕೊಟ್ಟು ಹತ್ತು ಸೆಕೆಂಡು ದಾಖಲಿಸಿದರೆ, ಅಮ್ಮ ‘ಕೇಳ್ತದಾ ಮಗಾ’ ಎಂದದ್ದೂ ಹಂಚಿನ ಮಾಡಿಗೆ ಮಳೆ ಬೀಳುವ ಸದ್ದೂ ಸ್ಪಷ್ಟವಾಗಿ ಕೇಳುತ್ತವೆ. ಆದರೆ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಮೈಕುಗಳ ಪಟ್ಟಿ ಖಾಲಿ. ತಂತ್ರಾಂಶಕ್ಕೆ ಬೇಕಾದ ಲೈಬ್ರರಿಗಳನ್ನು ತೋರಿಸುವ ‘ಎಲ್‌ಡಿಡಿ’ (ldd) ಆಜ್ಞೆಯಿಂದ ಪರೀಕ್ಷಿಸಿದರೆ ಯಾವ ಲೈಬ್ರರಿಯೂ ಕಾಣೆಯಾಗಿಲ್ಲ, ಧ್ವನಿಗೆ ಬೇಕಾದ ಲಿಬ್‌ಪಲ್ಸ್ ಕೂಡ ಇದೆ. ಹಾಗಾದರೆ ಕೊರತೆ ಎಲ್ಲಿದೆ?

ಉತ್ತರ 1 (ಸುರತ್ಕಲ್‌ನಿಂದ):
ನಿಮ್ಮ ಪರೀಕ್ಷೆಯಲ್ಲೇ ಅರ್ಧ ಉತ್ತರವಿದೆ. ‘ಎರೆಕಾರ್ಡ್’ ನೇರವಾಗಿ ಆಲ್ಸಾದೊಡನೆ, ಅಂದರೆ ಕರ್ನೆಲ್ಲಿನ ಧ್ವನಿ ಚಾಲಕಗಳೊಡನೆ ವ್ಯವಹರಿಸುತ್ತದೆ. ಕರೆಯ ತಂತ್ರಾಂಶಗಳಲ್ಲಿ ಹಲವು ಪಲ್ಸ್‌ಆಡಿಯೋ ಸರ್ವರನ್ನೇ, ಅಂದರೆ ತಂತ್ರಾಂಶಕ್ಕೂ ಆಲ್ಸಾಕ್ಕೂ ನಡುವೆ ಹಿನ್ನೆಲೆಯಲ್ಲಿ ಓಡುತ್ತ ಧ್ವನಿ ಸಾಗಿಸುವ ಸೇವೆಯನ್ನೇ ನಂಬಿವೆ. 2014ರಲ್ಲಿ ಸ್ಕೈಪ್ 4.3 ನೇರ ಆಲ್ಸಾ ಬೆಂಬಲವನ್ನು ಕೈಬಿಟ್ಟಾಗ ಎಷ್ಟೋ ಮಂದಿಗೆ ಇದೇ ತೊಡಕು ಎದುರಾಗಿತ್ತು. ಲಿಬ್‌ಪಲ್ಸ್ ಎಂಬುದು ಆ ಸರ್ವರಿಗೆ ಕರೆ ಕೊಡುವ ಲೈಬ್ರರಿ ಮಾತ್ರ, ಅದೇ ಸರ್ವರಲ್ಲ. ಲೈಬ್ರರಿಯಿಲ್ಲದೆ ತಂತ್ರಾಂಶ ತೆರೆಯುವುದೇ ಇಲ್ಲವಾದ್ದರಿಂದ ಅದು ಕಡ್ಡಾಯದ ಪಟ್ಟಿಯಲ್ಲಿರುತ್ತದೆ. ಸರ್ವರ್ ಯಾವುದೆಂಬ ಆಯ್ಕೆಯನ್ನು ಬಳಕೆದಾರರಿಗೆ ಬಿಡುವುದರಿಂದ ಅದು ಹೆಚ್ಚೆಂದರೆ ಶಿಫಾರಸಿನಲ್ಲಿರುತ್ತದೆ. ನೀವು ಬಿಟ್ಟದ್ದು ಅದನ್ನೇ. ‘ಎಲ್‌ಡಿಡಿ’ ಲೈಬ್ರರಿಗಳನ್ನಷ್ಟೇ ತೋರಿಸುತ್ತದೆ, ಸರ್ವರ್ ಓಡುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು.

ಉತ್ತರ 2 (ಕದ್ರಿಯಿಂದ):
ಮೇಲಿನವರು ಹೇಳಿದ್ದು ಸರಿ. ಪಲ್ಸ್‌ಆಡಿಯೋದ ಬದಲು ಬಳಸಬಹುದಾದ ಹೊಸ ಧ್ವನಿ ಸರ್ವರ್ ಪೈಪ್‌ವೈರ್. ಡೆಬಿಯನ್ 12ರಲ್ಲಿ ‘ಪೈಪ್‌ವೈರ್-ಆಡಿಯೋ’ (pipewire-audio) ಎಂಬ ಒಂದೇ ಪ್ಯಾಕೇಜು ಹಾಕಿದರೆ ಪೈಪ್‌ವೈರ್-ಪಲ್ಸ್, ಸಾಧನಗಳನ್ನು ಜೋಡಿಸುವ ವೈರ್‌ಪ್ಲಂಬರ್, ಪೈಪ್‌ವೈರ್-ಆಲ್ಸಾ ಮತ್ತು ಬ್ಲೂಟೂತ್ ಭಾಗ ಎಲ್ಲವೂ ಬರುತ್ತವೆ. ಪೈಪ್‌ವೈರ್-ಪಲ್ಸ್ ಹಳೆಯ ಪಲ್ಸ್‌ಆಡಿಯೋ ಸರ್ವರಿನ ಸ್ಥಾನದಲ್ಲಿ ನಿಂತು ಅದೇ ಭಾಷೆಯಲ್ಲಿ ಉತ್ತರಿಸುವುದರಿಂದ ಕರೆಯ ತಂತ್ರಾಂಶಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ದಯವಿಟ್ಟು ಈ ಸರ್ವರನ್ನು ಸುಡೋ (ಆಡಳಿತಗಾರರ ಅಧಿಕಾರ) ಕೊಟ್ಟು ಓಡಿಸಬೇಡಿ. ಇದು ಅಮ್ಮನ ಲಾಗಿನ್ನಿನೊಳಗೇ ಓಡಬೇಕಾದ ಸೇವೆ. ಒಮ್ಮೆ ಲಾಗ್‌ಔಟ್ ಮಾಡಿ ಬಂದು ‘ಪ್ಯಾಕ್ಟಿಎಲ್ ಇನ್ಫೋ’ (pactl info) ಆಜ್ಞೆ ಕೊಡಿ. ಸರ್ವರಿನ ಹೆಸರಿನ ಸಾಲಿನಲ್ಲಿ ಪಲ್ಸ್‌ಆಡಿಯೋದ ಜೊತೆಗೆ ಪೈಪ್‌ವೈರ್ ಎಂದೂ ಕಾಣಬೇಕು. ಆ ಆಜ್ಞೆಯೇ ಇಲ್ಲವೆಂದರೆ ‘ಪಲ್ಸ್‌ಆಡಿಯೋ-ಯುಟಿಲ್ಸ್’ (pulseaudio-utils) ಪ್ಯಾಕೇಜು ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಧನ್ಯವಾದ. ಮೈಕ್ ಈಗ ಪಟ್ಟಿಯಲ್ಲಿದೆ. ನಿನ್ನೆ ರಾತ್ರಿ ಮುಕ್ಕಾಲು ಗಂಟೆ ಮಾತುಕತೆ ನಡೆಯಿತು. ಆದರೆ ಬ್ಲೂಟೂತ್ ಹೆಡ್‌ಸೆಟ್ ಹಾಕಿದರೆ ಹಾಡು ಚೆನ್ನಾಗಿ ಕೇಳುತ್ತದೆ, ಮೈಕ್ ಮತ್ತೆ ಮಾಯವಾಗುತ್ತದೆ.

ಉತ್ತರ 2 ಬರೆದವರು:
ಅದು ಬೇರೆಯೇ ವಿಷಯ. ಬ್ಲೂಟೂತ್‌ನಲ್ಲಿ ಬಳಕೆಗೆ ತಕ್ಕ ವಿಧಾನವನ್ನು ಪ್ರೊಫೈಲ್ ಎನ್ನುತ್ತಾರೆ. ಹಾಡಿಗೆ ಬಳಸುವ ಎ2ಡಿಪಿ ಪ್ರೊಫೈಲಿನಲ್ಲಿ ಧ್ವನಿ ಹೆಡ್‌ಸೆಟ್ಟಿನ ಕಡೆಗೆ ಮಾತ್ರ ಹರಿಯುತ್ತದೆ. ಧ್ವನಿ ನಿಯಂತ್ರಿಸುವ ‘ಪಾವುಕಂಟ್ರೋಲ್’ (pavucontrol) ತೆರೆದು, ಕಾನ್ಫಿಗರೇಶನ್ ಪುಟದಲ್ಲಿ ಮೈಕ್ ಕೂಡ ಕೆಲಸ ಮಾಡುವ, ಕರೆಗಳಿಗೆಂದೇ ಇರುವ ಎಚ್‌ಎಫ್‌ಪಿ ಪ್ರೊಫೈಲ್ ಆರಿಸಿ. ಅಲ್ಲಿ ಎಂಎಸ್‌ಬಿಸಿ ಕೊಡೆಕ್ (ಧ್ವನಿಯನ್ನು ಸಂಕೇತಿಸುವ ಕ್ರಮ) ಕಾಣಿಸಿದರೆ ಅದನ್ನೇ ತೆಗೆದುಕೊಳ್ಳಿ. ಇನ್ನೊಂದು ಕೊಡೆಕ್ ಆದ ಸಿವಿಎಸ್‌ಡಿಯಲ್ಲಿ ಸೆಕೆಂಡಿಗೆ 8,000 ಸ್ಯಾಂಪಲ್ ಸಿಕ್ಕಿದರೆ ಇದರಲ್ಲಿ 16,000 ಸಿಗುವುದರಿಂದ ಅಮ್ಮನ ಮಾತು ಅಣ್ಣನಿಗೆ ಹೆಚ್ಚು ಸ್ಫುಟವಾಗಿ ಕೇಳುತ್ತದೆ.